ಸಣ್ಣಮ್ಮ ಕೇಳಿದ ಎರಡು ದಿನದ ರಜ

ಈ ವಾರದ ಅಂಕಣವನ್ನು ಜ್ವರದಲ್ಲಿ ಬರೆಯುತ್ತಿದ್ದೇನೆ. ಅಲ್ಲಲ್ಲಿ ಮಾತು ತೇಲಿದಂತೆ ಕಂಡರೆ ದಯವಿಟ್ಟು ಹೊಂದಿಸಿಕೊಳ್ಳಿ. (ಜ್ವರ ಇಲ್ಲದಾಗಲೂ ನೀವು ಹಾಗೇ ಬರೆಯೋದು ಅನ್ನುವವರು ಪುಟ ತಿರುಗಿಸಬಹುದು.)

ಸೋಮವಾರ ಬೆಳಿಗ್ಗೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಕೋಟೆ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಈಗ ಎರಡು ವರ್ಷದಿಂದ ನನ್ನ ಕೆಲಸ ಎಚ್.ಡಿ. ಕೋಟೆಯ ಒಂದು ಕಚೇರಿಯಲ್ಲಿ. ದಟ್ಟ ಮಂಜು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಸ್ಸುಗಳು ಮಂಜಿನೊಳಗಿಂದ ಬರುತ್ತಿದ್ದವು, ಮಂಜಿನೊಳಕ್ಕೇ ಹೋಗುತ್ತಿದ್ದವು. ಕಂಡಕ್ಟರ್ 'ಪಿರಿಯಾಪಟ್ಣ, ಪಿರಿಯಾಪಟ್ಣ' ಎಂದು ಕೂಗುತ್ತಿದ್ದದ್ದು ಬೇರೆ ಯಾವುದೋ ಊರಿನಿಂದ ಕೇಳಿಸಿದ ಹಾಗಿತ್ತು. ಆಗ ಯಾರದೋ ಕೈ ನನ್ನ ಕೆನ್ನೆಯ ಮೇಲೆ ಬಂತು. ಅಂಗೈ ಅಲ್ಲ, ಕೈಯ ಹಿಂಬದಿ. ಒಂದು ಗಳಿಗೆ ಅಲ್ಲೇ ನಿಂತು ಹೋಯಿತು.

"ಮೈ ಸುಡ್ತಾ ಅದೆ ಕಣವ್ವ."

ಕಣ್ಣು ಬಿಟ್ಟೆ. ಎದುರಿಗೆ ಸಣ್ಣಮ್ಮ, ಕಂಕುಳಲ್ಲಿ ಒಂದು ಬಟ್ಟೆ ಚೀಲ.

ಕೊರೊನಾ ಕಾಲದಲ್ಲಿ ಇದೇ ಸಣ್ಣಮ್ಮನನ್ನು ನಾನು ಗೇಟಿನಿಂದ ಒಳಗೆ ಬಿಟ್ಟಿರಲಿಲ್ಲ. ಲಸಿಕೆ ಹಾಕಿಸಿಕೊಂಡಿಲ್ಲ ಅನ್ನುವ ಕಾರಣಕ್ಕೆ.

ಆಗ ನಾನು ಹುಣಸೂರಿನ ಹೊರಗಿದ್ದ ಒಂದು ಹೊಗೆಸೊಪ್ಪಿನ ಗೋಡೌನಿನಲ್ಲಿ ವೆಲ್‌ಫೇರ್ ಆಫೀಸರ್. ಹೆಸರು ದೊಡ್ಡದು, ಕೆಲಸ ಹಾಜರಿ ಪುಸ್ತಕ ಮತ್ತು ಪ್ರಥಮ ಚಿಕಿತ್ಸೆಯ ಡಬ್ಬಿ. ರೈತರ ಬ್ಯಾರನ್ನು ಅನ್ನುವ ಕಾವಿನ ಮನೆಗಳಲ್ಲಿ ಬೆಂದು ಹಳದಿಯಾದ ಸೊಪ್ಪು ನಮ್ಮಲ್ಲಿಗೆ ಬರುತ್ತಿತ್ತು. ಹೆಂಗಸರು ಸಾಲಾಗಿ ಕೂತು ಬಣ್ಣ ನೋಡಿ, ಕಲೆ ನೋಡಿ ಬೇರೆ ಬೇರೆ ಮಾಡುತ್ತಿದ್ದರು. ಮೇಲಿನ ಗಾಜಿನ ಹೆಂಚಿನಿಂದ ಬಿಸಿಲು ಕೋಲಾಗಿ ಇಳಿಯುತ್ತಿತ್ತು. ಅದರಲ್ಲಿ ಹೊಂಬಣ್ಣದ ಧೂಳು ಸುಮ್ಮನೆ ತೇಲುತ್ತಿರುತ್ತಿತ್ತು. ಒಣಗಿದ ಸೊಪ್ಪಿನ ಆ ಸಿಹಿ ಘಾಟು ನನ್ನ ಸೀರೆಯಿಂದ ಇವತ್ತಿಗೂ ಪೂರ್ತಿ ಹೋಗಿಲ್ಲ ಅನ್ನಿಸುತ್ತದೆ.

ಸೊಪ್ಪಿನ ಗುಡ್ಡೆಯನ್ನು ಬೇಕೆಂದಾಗ ಬಿಚ್ಚುವ ಹಾಗಿಲ್ಲ. ತೀರಾ ಒಣಗಿದ್ದರೆ ಮುಟ್ಟಿದ ಕೂಡಲೇ ಹಪ್ಪಳದಂತೆ ಪುಡಿಯಾಗುತ್ತದೆ. ತೇವ ಹೆಚ್ಚಿದ್ದರೆ ಬೂಷ್ಟು ಹಿಡಿಯುತ್ತದೆ. ಗಾಳಿಯ ತಂಪು ಕುಡಿದು ಹದಕ್ಕೆ ಬರಬೇಕು. ಆ ಹದ ಹೇಳುತ್ತಿದ್ದವರು ಸಣ್ಣಮ್ಮ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಗುಡ್ಡೆಯ ನಡುವಿನಿಂದ ಒಂದೆಲೆ ಎಳೆದು, ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ತಣ್ಣಗೆ ತಾಕಿದರೆ ಹದ. ಬೆಚ್ಚಗೆ, ಚುರುಕಾಗಿ ತಾಕಿದರೆ ಇನ್ನೂ ಒಣ.

"ಹದ ಬಂದದೆ, ತಗೀರಿ," ಅಂದರೆ ಕೆಲಸ ಶುರು. ಅಲ್ಲಿಯವರೆಗೆ ಮ್ಯಾನೇಜರೂ ಟೀ ಕುಡಿಯುತ್ತಾ ಕಾಯಬೇಕು.

ಎರಡನೆಯ ಅಲೆಯಲ್ಲಿ ನಮ್ಮ ಗೇಟು ಕಾಯುತ್ತಿದ್ದ ಮಹದೇವಣ್ಣ ಹೋದರು. ಶುಕ್ರವಾರ ಕೆಮ್ಮಿದರು, ಮುಂದಿನ ಶುಕ್ರವಾರ ಇರಲಿಲ್ಲ. ಗೇಟಿನ ಪಕ್ಕದ ಅವರ ಕಬ್ಬಿಣದ ಕುರ್ಚಿಯನ್ನು ತೆಗೆಯುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ಅದಕ್ಕೇ ಹೆಡ್ ಆಫೀಸಿನಿಂದ 'ಲಸಿಕೆ ಇಲ್ಲದವರಿಗೆ ಪ್ರವೇಶವಿಲ್ಲ' ಎಂದು ಆರ್ಡರ್ ಬಂದಾಗ ನನಗೆ ಖುಷಿಯೇ ಆಯಿತು. ಬೋರ್ಡನ್ನು ನಾನೇ ಬರೆದು ಅಂಟಿಸಿದೆ, ಕೆಂಪು ಇಂಕಿನಲ್ಲಿ.

ಆ ದಿನಗಳು ನೆನಪಿವೆಯಲ್ಲ? ಟಿವಿಯಲ್ಲಿ ಸಂಜೆಯಾದರೆ ಅದೇ ವಾದ. ಕೆಲಸ ಕೊಟ್ಟವನು ನನ್ನ ತೋಳಿಗೂ ಯಜಮಾನನೇನು ಅಂತ ಒಬ್ಬರು. ನಿಮ್ಮ ತೋಳಿನ ಸ್ವಾತಂತ್ರ್ಯಕ್ಕೆ ಪಕ್ಕದವನು ಯಾಕೆ ಸಾಯಬೇಕು ಅಂತ ಇನ್ನೊಬ್ಬರು. ನಾನು ಎರಡನೆಯವರ ಕಡೆ. ಮಹದೇವಣ್ಣನ ಕುರ್ಚಿಯಲ್ಲಿ ಕೂತು, ಒಬ್ಬೊಬ್ಬರ ಮೊಬೈಲಿನಲ್ಲಿ ಸರ್ಟಿಫಿಕೇಟ್ ನೋಡಿ ಒಳಗೆ ಬಿಡುತ್ತಿದ್ದೆ. (ನನ್ನನ್ನು ಆ ಕುರ್ಚಿಯಲ್ಲಿ ನೋಡಿದವರು ತಾಸಿಲ್ದಾರರು ಅಂದುಕೊಳ್ಳಬೇಕು, ಅಷ್ಟು ಗತ್ತು.)

ಎಲ್ಲರೂ ಹಾಕಿಸಿಕೊಂಡರು, ಸಣ್ಣಮ್ಮ ಒಬ್ಬರನ್ನು ಬಿಟ್ಟು.

"ಯಾಕೆ?" ಅಂತ ನಾನು ಕೇಳಿದೆನೇ? ಇಲ್ಲ. ಮೂಢನಂಬಿಕೆ ಅಂದುಕೊಂಡೆ. ಕರಪತ್ರ ಕೊಟ್ಟೆ, ಹತ್ತು ನಿಮಿಷ ಭಾಷಣ ಕೊಟ್ಟೆ. ಅವರು ಕರಪತ್ರವನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಡುವಿನ ದಿನ ಬಂತು, ಗೇಟಿನಲ್ಲಿ ತಡೆದೆ. ಜಗಳವಿಲ್ಲ, ಗಲಾಟೆಯಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ಹೋಗಿ ನಿಂತರು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಕನಸೋ ಏನೋ ಅನ್ನಿಸುತ್ತದೆ. ಒಳಗಿನಿಂದ ಒಬ್ಬ ಹೆಂಗಸು ಒಂದೆಲೆ ಹಿಡಿದು ಓಡಿ ಬಂದಳು. ಗೇಟಿನ ಸರಳಿನ ನಡುವೆ ತೂರಿಸಿದಳು. ಹೊರಗಿನ ಮಂಜಿನಲ್ಲಿ ಸಣ್ಣಮ್ಮ ಮಾಸ್ಕ್ ಕೆಳಗೆ ಸರಿಸಿ ಅದನ್ನು ಕೆನ್ನೆಗೆ ಒತ್ತಿಕೊಂಡರು. "ಇನ್ನೊಂದು ಗಳಿಗೆ ತಡೀರಿ," ಅಂದರು. ಗಳಿಗೆ ಬಿಟ್ಟು ಇನ್ನೊಂದೆಲೆ ಬಂತು. "ಹೂಂ, ತಗೀರಿ." ಎರಡು ದಿನ ಗೋಡೌನು ನಡೆದದ್ದು ಹೀಗೆ, ಸರಳಿನ ಆಚೆಯಿಂದ.

ಮೂರನೆಯ ದಿನ ನಾನು ಅದನ್ನೂ ನಿಲ್ಲಿಸಿದೆ. ಮಾಸ್ಕ್ ಸರಿಸುವುದು ನಿಯಮಕ್ಕೆ ವಿರುದ್ಧ ಎಂದೆ. ಸಣ್ಣಮ್ಮ ಮಾಸ್ಕ್ ಮೇಲಕ್ಕೆಳೆದುಕೊಂಡು, ಬಸ್ಸು ಹತ್ತಿ ಊರಿಗೆ ಹೊರಟುಹೋದರು. ಮಾರನೆ ದಿನ ಯಾರೂ ಗುಡ್ಡೆ ಮುಟ್ಟುವುದಕ್ಕೆ ಒಪ್ಪಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು, "ಹೇಗಾದ್ರೂ ಮಾಡಿ ಆಯಮ್ಮನ್ನ ಒಪ್ಸಿ ಕರ್ಕೊಂಡ್ಬನ್ನಿ ಮೇಡಂ," ಅಂದರು.

ಹೋದೆ. ಪಿರಿಯಾಪಟ್ಟಣದ ಕಡೆಯ ಊರು ಅವರದು. ಮಧ್ಯಾಹ್ನದ ಬಿಸಿಲು, ಜಗುಲಿಯಲ್ಲಿ ಒಂದು ಕೋಳಿ ಮತ್ತು ಅದರ ಮರಿಗಳು. ಸಣ್ಣಮ್ಮ ನೀರು ಕೊಟ್ಟರು, ಬೆಲ್ಲ ಕೊಟ್ಟರು. ಅಲ್ಲಿ ಕೂತು ಮೊದಲ ಸಲ ಕೇಳಿದೆ, "ನಿಮಗೆ ಏನು ಭಯ?"

"ಸೂಜಿಗೆಲ್ಲ ಯಾಕ್ ಎದರ್ಕತೀನಿ ಮೇಡಮ್ಮೋರೆ? ಜೋಮು ಹಿಡೀತದಂತಲ್ಲ, ಮೈ ಎಲ್ಲ. ಹದ ತಿಳೀನಿಲ್ಲ ಅಂದ್ರೆ ನಾನ್ಯಾತಕ್ಕೆ ಅಲ್ಲಿ? ಅಕ್ಸರ ಬರಾಕಿಲ್ಲ ನಂಗೆ. ಇದೊಂದೇ ಬರೋದು."

ಅಷ್ಟೇ. ನನ್ನ ಕರಪತ್ರದಲ್ಲಿ ಜೋಮಿನ ಮಾತೇ ಇರಲಿಲ್ಲ.

ನಾನು ಎರಡೂ ಡೋಸ್ ಹಾಕಿಸಿಕೊಂಡಿದ್ದೇನೆ, ಜೋಮು ಗೀಮು ಏನೂ ಇಲ್ಲ ಅಂದೆ. "ಹಂಗಾದ್ರೆ ಕಣ್ಮುಚ್ಚಿ," ಅಂದರು. ಒಳಗೆ ಹೋಗಿ ಮನೆಯಲ್ಲಿದ್ದ ಹೊಗೆಸೊಪ್ಪಿನ ಎರಡು ಎಲೆ ತಂದರು, ಒಂದು ಒಲೆಯ ಹತ್ತಿರದ್ದು, ಒಂದು ಮೂಲೆಯದ್ದು. ನನ್ನ ಕೆನ್ನೆಗೆ ಒಂದಾದ ಮೇಲೊಂದು ಒತ್ತಿದರು. "ಯಾವ್ದು ಹದ?"

"ಎರಡನೇದು," ಅಂದೆ. ತಪ್ಪು. ಮತ್ತೆ ಒತ್ತಿದರು, ಮತ್ತೆ ತಪ್ಪು.

"ನೋಡಿದ್ರಾ?" ಅಂದರು ಸಣ್ಣಮ್ಮ, ನಿಜವಾದ ಕನಿಕರದಿಂದ. "ಜೋಮು ಹಿಡ್ದದೆ."

ಸಣ್ಣಮ್ಮ, ನನಗೆ ಮೊದಲೂ ತಿಳಿಯುತ್ತಿರಲಿಲ್ಲ, ಹುಟ್ಟಿದಾಗಿನಿಂದ ತಿಳಿದಿಲ್ಲ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಇಷ್ಟು ಓದಿದವರಿಗೆ ಒಂದು ಸೊಪ್ಪಿನ ಹದ ತಿಳಿಯುವುದಿಲ್ಲ ಅಂದರೆ ಯಾರು ತಾನೇ ನಂಬುತ್ತಾರೆ? ನನ್ನನ್ನು ಲಸಿಕೆಯ ಗಾಯಾಳು ಎಂದೇ ತೀರ್ಮಾನಿಸಿ ಇನ್ನೊಂದು ಚೂರು ಬೆಲ್ಲ ಕೊಟ್ಟರು.

ಆಗ ಒಳಗಿನಿಂದ ಅವರ ಅತ್ತೆ ತಾಯಮ್ಮ ಗೋಡೆ ಹಿಡಿದುಕೊಂಡು ಬಂದರು. ಹದ ನೋಡುವುದನ್ನು ಸಣ್ಣಮ್ಮನಿಗೆ ಕಲಿಸಿದವರೇ ಅವರು. "ಕೊಡಿಲ್ಲಿ," ಅಂತ ಎಲೆ ಈಸಿಕೊಂಡು ಸುಕ್ಕುಗಟ್ಟಿದ ಕೆನ್ನೆಗೆ ಒತ್ತಿಕೊಂಡರು. 

"ಇದು ಹದ. ಇದು ಒಣ. ಇದ್ನ ಒಲೆತಾವಿಂದ ತಂದಿದ್ದೀಯೆ," ಅಂದರು. ಸರಿಯಾಗಿತ್ತು. ಆಮೇಲೆ ಸೊಸೆಯ ಕಡೆ ನೋಡದೆ ಮೆಲ್ಲಗೆ ಹೇಳಿದರು, "ನಾನೂ ಆಕುಸ್ಕಂಡಿವ್ನಿ ಕಣೆ. ಆಶಾ ಕಾರ್ಯಕರ್ತೆ ಬಂದಾಗ. ನೀನು ಬಯ್ತೀಯ ಅಂತ ಯೋಳ್ನಿಲ್ಲ."

ಸಣ್ಣಮ್ಮ ಬಯ್ದರು. ಚೆನ್ನಾಗಿಯೇ ಬಯ್ದರು. ಬಯ್ದು ಮುಗಿಸಿ ಅತ್ತೆಯ ಪಕ್ಕ ಕೂತು ಕೇಳಿದರು, "ಏನೂ ಆಗ್ನಿಲ್ವಾ?"

"ಎರಡು ದಿವ್ಸ ಜರ ಬಂತು. ಆಗ ಮುಟ್ಟುದ್ದೆಲ್ಲ ತಣ್ಣಗೇ ಇತ್ತು, ಚೊಂಬು, ಗ್ವಾಡೆ, ಎಲ್ಲ. ಆಮ್ಯಾಕೆ ಸರೋಯ್ತು."

ಸಣ್ಣಮ್ಮ ಒಪ್ಪಿದರು. ಒಂದೇ ಒಂದು ಶರತ್ತು. "ಸೂಜಿ ಚುಚ್ಚುಸ್ಕಂಡ ಮ್ಯಾಲೆ ಎರಡು ದಿವ್ಸ ರಜ ಕೊಡ್ಸಿ. ಆ ಎರಡು ದಿವ್ಸ ಗುಡ್ಡೆ ಬಿಚ್ಚಬ್ಯಾಡಿ. ಜರದ ಕೆನ್ನೆ ಸುಳ್ಳೇಳ್ತದೆ."

ಕೊಡಿಸ್ತೀನಿ ಅಂದೆ. ತಾಯಮ್ಮನ ಮುಂದೆಯೇ ಅಂದೆ.

ಮಾರನೆ ದಿನ ಸಣ್ಣಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಚುಚ್ಚಿಸಿಕೊಂಡರು. ಅದೇ ಹೊತ್ತಿಗೆ ನಾನು ಮ್ಯಾನೇಜರ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಅವರು ಫೋನಿನಲ್ಲಿದ್ದರು. ಲೋಡು ಯಾಕೆ ಹೊರಟಿಲ್ಲ ಅಂತ ಆ ಕಡೆಯಿಂದ ಯಾರೋ ಕೂಗಾಡುತ್ತಿದ್ದದ್ದು ನನಗೂ ಕೇಳುತ್ತಿತ್ತು. ನನ್ನನ್ನು ನೋಡಿ ಆಮೇಲೆ ಬನ್ನಿ ಅನ್ನುವ ಹಾಗೆ ಕೈ ಮಾಡಿದರು. ಬಂದು ಟೀ ಕುಡಿದೆ. ಹೇಗಿದ್ದರೂ ಕೊಡುವುದಿಲ್ಲ, ಕೇಳಿ ಯಾಕೆ ಬೈಸಿಕೊಳ್ಳಬೇಕು ಅನ್ನಿಸಿತು. ಸಂಜೆ ಸಣ್ಣಮ್ಮನಿಗೆ ಫೋನ್ ಮಾಡಿದೆ.

"ಕೇಳಿದೆ ಸಣ್ಣಮ್ಮ. ರಜ ಕೊಡಲ್ವಂತೆ. ನಾಳೆ ಬಂದ್ಬಿಡಿ."

"ನೀವು ಕೇಳುದ್ರಲ್ಲ, ಅಷ್ಟೇ ಸಾಕು ಬುಡಿ ಮೇಡಮ್ಮೋರೆ. ಬತ್ತೀನಿ."

ಬಂದರು. ಮೊಬೈಲ್ ತೋರಿಸಿದರು, ಒಳಗೆ ಬಿಟ್ಟೆ. ಹೆಂಗಸರೆಲ್ಲ ಎದ್ದು ನಿಂತು ನಕ್ಕರು. ಸಣ್ಣಮ್ಮನ ಕಣ್ಣು ಕೆಂಪಗಿತ್ತು. ಎಲೆ ಎಳೆದು ಕೆನ್ನೆಗೆ ಒತ್ತಿಕೊಂಡರು, ಬಹಳ ಹೊತ್ತು. ಇನ್ನೊಂದು ಎಲೆ. ಮತ್ತೊಂದು. ಕೊನೆಗೆ, "ತಣ್ಣಗದೆ, ತಗೀರಿ," ಅಂದರು.

ಗುಡ್ಡೆ ಬಿಚ್ಚಿದರು. ಮೊದಲು ಕೇಳಿದ್ದು ಸದ್ದು. ಒಣ ತರಗಿನ ಮೇಲೆ ಯಾರೋ ನಡೆದ ಹಾಗೆ ಚರಚರ ಅಂತ. ಬಿಸಿಲಿನ ಕೋಲಿನಲ್ಲಿ ಹೊಂಬಣ್ಣದ ಪುಡಿ ಎದ್ದಿತು, ಏಳುತ್ತಲೇ ಹೋಯಿತು. ನೋಡುವುದಕ್ಕೆ ಎಷ್ಟು ಚೆಂದವಿತ್ತೆಂದರೆ ಒಂದು ಗಳಿಗೆ ಯಾರೂ ಕೈ ನಿಲ್ಲಿಸಲಿಲ್ಲ. ಸಣ್ಣಮ್ಮ ಮಾತ್ರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು.

ಮ್ಯಾನೇಜರ್ ಓಡಿ ಬಂದರು. ಸಣ್ಣಮ್ಮನ ಮುಖ, ಕಣ್ಣು ನೋಡಿದರು. ಕೂಗಾಡಲಿಲ್ಲ. "ಜ್ವರ ಇದ್ರೆ ಒಂದು ಮಾತು ಹೇಳ್ಬಾರ್ದಾ ಅಮ್ಮ? ನಾಳಿದ್ದು ತೆಗೀತಿದ್ವಲ್ಲ," ಅಂದರು.

ಸಣ್ಣಮ್ಮ ತಿರುಗಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಸೆರಗು ಸಿಕ್ಕಿಸಿ ಪುಡಿ ಬಾಚುವುದಕ್ಕೆ ಬಗ್ಗಿದರು. ನನ್ನ ಮಾನ ಉಳಿಸಿದರು ಅಂತಲೇ ಇಟ್ಟುಕೊಳ್ಳಿ.

ವಾರದೊಳಗೆ ಹೆಡ್ ಆಫೀಸಿನಿಂದ ತೇವ ಅಳೆಯುವ ಮೀಟರ್ ಬಂತು. ಸಣ್ಣಮ್ಮನನ್ನು ಪುಡಿ ಗುಡಿಸುವುದಕ್ಕೆ ಹಾಕಿದರು. ಸೀಸನ್ ಮುಗಿಯುವವರೆಗೆ ಗುಡಿಸಿದರು. ಮುಂದಿನ ಸೀಸನ್ನಿಗೆ ಬರಲಿಲ್ಲ. ನಿಜ ಹೇಳುವುದಕ್ಕೆ ನನಗೆ ಆ ಇಡೀ ಸೀಸನ್ ಇತ್ತು. ಹೇಳಲಿಲ್ಲ. ಇಂದು ಹೇಳುತ್ತಿದ್ದೇನೆ, ಅದೂ ಜ್ವರದ ಧೈರ್ಯದಲ್ಲಿ.

ಹಾಗಾದರೆ ಕಡ್ಡಾಯ ಮಾಡಿದ್ದು ತಪ್ಪೇ? ಲಸಿಕೆ ಸರಿ ಅಂತ ಇವತ್ತು ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮಹದೇವಣ್ಣನ ಕುರ್ಚಿ ನೋಡಿದವಳು ಬೇರೆ ಏನು ಹೇಳಲಿ? ಆದರೆ ಅಷ್ಟೆಲ್ಲ ವಾದದಲ್ಲಿ, ಟಿವಿಯಲ್ಲಿ, ಆರ್ಡರಿನಲ್ಲಿ, ನನ್ನ ಕೆಂಪು ಇಂಕಿನ ಬೋರ್ಡಿನಲ್ಲಿ ತೋಳಿನ ಮಾತಿತ್ತು, ಆ ತೋಳಿಗೆ ಬರುವ ಎರಡು ದಿನದ ನೋವಿನ ಮಾತಿರಲಿಲ್ಲ. ಕಡ್ಡಾಯ ಮಾಡುವವರು ತಮ್ಮ ಮೇಲೂ ಒಂದೆರಡು ಕಡ್ಡಾಯ ಹಾಕಿಕೊಳ್ಳಬೇಕಲ್ಲವೇ? ಎದುರಿಗಿರುವವರನ್ನು ಯಾಕೆ ಅಂತ ಕೇಳುವುದು. ಕೊಟ್ಟ ಮಾತಿಗಾಗಿ ಒಂದು ಬಾಗಿಲು ತಟ್ಟುವುದು. ಬೇರೆಯವರಿಗೆ ಹೇಳುತ್ತಿಲ್ಲ, ನನಗೇ ಹೇಳಿಕೊಳ್ಳುತ್ತಿದ್ದೇನೆ.

ಬಸ್‌ಸ್ಟ್ಯಾಂಡಿಗೆ ವಾಪಸ್ ಬರೋಣ. ಸಣ್ಣಮ್ಮ ನನ್ನ ಪಕ್ಕ ಕೂತರು. ಮಗಳನ್ನು ಕೋಟೆಯ ಕಡೆ ಕೊಟ್ಟಿದ್ದಾರಂತೆ, ಅಲ್ಲಿಗೆ ಹೊರಟಿದ್ದರು. ಅತ್ತೆ ಹೇಗಿದ್ದಾರೆ ಎಂದೆ.

"ಗಟ್ಟಿಯಾಗವ್ಳೆ. ಬೂಸ್ಟರೂ ಆಕುಸ್ಕಂಡ್ಲು, ನಂಗೆ ಯೋಳ್ದೆ."

"ನಿಮಗೆ? ಹದ ತಿಳಿಯುತ್ತಾ ಈಗಲೂ?"

"ನಿಮ್ ಕೆನ್ನೆ ಕಾವು ತಿಳೀತಲ್ಲ," ಅಂತ ನಕ್ಕರು. ಚೀಲದಿಂದ ಒಂದು ಹಳೆಯ ಶಾಲು ತೆಗೆದು ನನಗೆ ಹೊದಿಸಿದರು. ಅದರಲ್ಲಿ ಅದೇ ಸಿಹಿ ಘಾಟು. ಕ್ಷಮಿಸಿ ಅನ್ನುವ ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಕೋಟೆ ಬಸ್ಸು ಮಂಜಿನೊಳಗಿಂದ ಬಂದು ನಿಂತಿತು. ನಾನೂ ಎದ್ದೆ.

"ಇಂತಾ ಜರದಾಗೆ ಎಲ್ಲಿಗೋಯ್ತೀರಿ? ಮನೇಗೋಗಿ ಮನೀಕಳಿ ಎರಡು ದಿವ್ಸ."

"ಆಫೀಸಲ್ಲಿ ರಜ ಕೊಡಲ್ಲ ಸಣ್ಣಮ್ಮ," ಅಂದೆ.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವರು ತಿರುಗಿ ನೋಡಿದರು. ಸಿಟ್ಟಿಲ್ಲ, ಕೊಂಕಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು.

"ಕೇಳುದ್ರಾ?"