ಉಸಿರಿಗೂ ಹರಿಯುವ ಹಾಳೆ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ನೆಲಮಾಳಿಗೆಯ ಕೋಣೆಯಲ್ಲಿ ಫ್ಯಾನು ನಿಂತಿದೆ. ಬಾಗಿಲಿನ ಸಂದಿಗೆ ಮಡಿಸಿದ ಬಟ್ಟೆ ತುರುಕಿದೆ. ಬಿಳಿ ಮೇಲಂಗಿ ತೊಟ್ಟ ಹೆಂಗಸೊಬ್ಬರು ಗಾಜಿನ ತೊಟ್ಟಿಯ ಮೇಲೆ ಬಾಗಿದ್ದಾರೆ. ತೊಟ್ಟಿಯ ತುಂಬ ನೀರು, ನೀರಿನ ಮೇಲೊಂದು ಕಪ್ಪು ಚೌಕ. ಅಂಚೆಚೀಟಿಗಿಂತ ತುಸು ದೊಡ್ಡದು. ಅದು ತೇಲುತ್ತಿದೆಯೋ, ಯಾವುದರದೋ ನೆರಳು ಬಿದ್ದಿದೆಯೋ ಹೇಳುವುದು ಕಷ್ಟ. ಅವರು ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡುತ್ತಾರೆ. ಮತ್ತೆ ಬಾಗಿ, ಲೋಹದ ಚಿಕ್ಕ ಚೌಕಟ್ಟೊಂದನ್ನು ನೀರಿನೊಳಗಿಂದ ಮೇಲಕ್ಕೆ ತರುತ್ತಾರೆ. ಮಲಗಿದ ಕೂಸಿನ ತಲೆಯಡಿಗೆ ಕೈ ತೂರಿಸುವ ಹಾಗೆ. ಚೌಕ ಚೌಕಟ್ಟಿಗೆ ಅಂಟಿಕೊಳ್ಳುತ್ತದೆ. ಪಕ್ಕದ ಮೇಜಿನಲ್ಲಿ ಕುಂಚ ಇಡುವ ಲೋಟ ಖಾಲಿಯಿದೆ. ಅವರ ಕಣ್ಣು ಒಮ್ಮೆ ಅತ್ತ ಹೋಗಿ ಹಿಂದಿರುಗುತ್ತದೆ.

ಲಾರಿಗಳು ಓಡಾಡಲು ಶುರುವಾದರೆ ತೊಟ್ಟಿಯ ನೀರು ನಡುಗುತ್ತದೆ. ಅದಕ್ಕೇ ಈ ಕೆಲಸಕ್ಕೆ ನಸುಕೇ ಸರಿ. "ಸೀನು ಬಂದ್ರೆ ಕತೆ ಮುಗೀತು," ಎನ್ನುತ್ತಾರೆ ಅವರು, ಬಾಗಿಲಾಚೆ ಬಂದ ಮೇಲೆ. "ನೆಗಡಿ ಆದ ದಿನ ನಾನು ಈ ಹೊಸ್ತಿಲೇ ತುಳಿಯಲ್ಲ. ಮನೇಲಿ ಕೂತು ಎಲ್ಲರ ತಲೆ ತಿಂತೀನಿ."

ಇಡೀ ಪ್ರಯೋಗಾಲಯ ಅವರನ್ನು ಕರೆಯುವುದು 'ಹಾಳೆಯಕ್ಕ' ಎಂದು. ವಿಜ್ಞಾನಿಗಳೂ ಹಾಗೇ ಕರೆಯುತ್ತಾರೆ, ಗೇಟಿನ ಕಾವಲುಗಾರನೂ ಹಾಗೇ.

ಕೋಣೆಯಿಂದ ಒಂದು ಕೂಗಳತೆಯಲ್ಲಿ, ನೆಲದಡಿಯ ಸುರಂಗದಲ್ಲಿ, ಪ್ರೋಟಾನ್ ವೇಗವರ್ಧಕವಿದೆ. ಪರಮಾಣುವಿನ ಒಡಲಲ್ಲಿರುವ ಪ್ರೋಟಾನು ಎಂಬ ಕಣಗಳನ್ನು ಉಂಗುರದಂಥ ಕೊಳವೆಯಲ್ಲಿ ಸುತ್ತಿಸಿ, ವೇಗ ಹೆಚ್ಚಿಸಿ, ಗುರಿಗೆ ಅಪ್ಪಳಿಸುವ ಯಂತ್ರ. ಆ ಡಿಕ್ಕಿಯಲ್ಲಿ ಹುಟ್ಟುವ ಅಪರೂಪದ ಕಣಗಳಿಗಾಗಿ ಭೌತವಿಜ್ಞಾನಿಗಳು ಕಾದು ಕುಳಿತಿರುತ್ತಾರೆ. ಪ್ರೋಟಾನುಗಳು ಉಂಗುರದ ಬಾಗಿಲಿಗೆ ಬರುವಾಗ ತಲಾ ಎರಡು ಎಲೆಕ್ಟ್ರಾನುಗಳನ್ನು ಹೊತ್ತೇ ಬರುತ್ತವೆ. ಬಾಗಿಲಲ್ಲಿ ಇಂಗಾಲದ ತೆಳುಹಾಳೆಯೊಂದು ಅಡ್ಡ ನಿಂತಿರುತ್ತದೆ. ಹಾಳೆಯನ್ನು ತೂರಿಕೊಂಡು ಹೋಗುವಾಗ ಎಲೆಕ್ಟ್ರಾನುಗಳು ಕಳಚಿಬಿದ್ದು, ಪ್ರೋಟಾನು ಮಾತ್ರ ಒಳಗೆ ಸೇರುತ್ತದೆ. ಹಾಳೆಯಕ್ಕ ಇದನ್ನು ಹೇಳುವ ರೀತಿ ಇನ್ನೂ ಸುಲಭ: "ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ ಅಂತೀವಲ್ಲ, ಅಷ್ಟೇ. ಬಿಡಿಸೋಕೆ ಬಾಗಿಲಲ್ಲಿ ಒಬ್ರು ನಿಂತಿರ್ಬೇಕು."

ಆ ಹಾಳೆ ತಲೆಕೂದಲ ದಪ್ಪದ ನೂರರಲ್ಲಿ ಒಂದು ಪಾಲು. ಗಾಜಿನ ಮೇಲೆ ಇಂಗಾಲದ ಆವಿ ಕೂರಿಸಿ, ನೀರಿನಲ್ಲಿ ಬಿಡಿಸಿ, ಚೌಕಟ್ಟಿಗೆ ಎತ್ತಬೇಕು. ಹತ್ತು ಎತ್ತಿದರೆ ನಾಲ್ಕು ನಿಲ್ಲುತ್ತವೆ. ನಿಂತವು ಸುರಂಗಕ್ಕೆ ಹೋದರೆ ಮತ್ತೆ ಬರುವುದಿಲ್ಲ. ವಿಕಿರಣ ಹೀರಿಕೊಂಡ ಅವನ್ನು ಸೀಸದ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ತಾವು ಮಾಡಿದ ಒಂದು ಹಾಳೆಯನ್ನೂ ಅವರು ಕೆಲಸ ಮುಗಿದ ಮೇಲೆ ಕಂಡಿಲ್ಲ.

ಕೆಲಸ ಕಲಿಸಿದವರು ಅವರ ಅತ್ತೆ. ಈ ಕೋಣೆಯಲ್ಲಿ ಮೊದಲು ಹಾಳೆ ಎತ್ತುತ್ತಿದ್ದವರು ಅವರೇ. ಮದುವೆಯಾಗಿ ಬಂದ ಸೊಸೆಯ ಕೈಗೆ ತುಂಬಿದ ಹಾಲಿನ ಪಾತ್ರೆ ಕೊಟ್ಟು, ಮನೆಯ ಈ ತುದಿಯಿಂದ ಆ ತುದಿಗೆ ನಡೆಸಿ, ಹಾಲಿನ ಕೆನೆ ಅಲುಗದ್ದನ್ನು ಕಂಡು ಇಲ್ಲಿಗೆ ಕರೆತಂದರಂತೆ. "ಅವರು ಹೆಣ್ಣು ನೋಡೋಕೆ ಬಂದಿದ್ದೋ, ಕೈ ನೋಡೋಕೆ ಬಂದಿದ್ದೋ ಇವತ್ತಿಗೂ ಗೊತ್ತಿಲ್ಲ," ಎಂದು ಸೊಸೆ ನಗುತ್ತಾರೆ. ಅತ್ತೆಯ ಪಾಠ ಒಂದೇ: ಹಾಳೆ ಬಿಗಿಯಾಗಿರಬೇಕು, ಒಂದು ಸುಕ್ಕೂ ಕಾಣಬಾರದು. ಸುಕ್ಕು ಬಿದ್ದರೆ ಕುಂಚದ ತುದಿಯಿಂದ ಅಂಚಿಗೆ ಒಂದು ಹನಿ ನೀರು ಮುಟ್ಟಿಸಬೇಕು. ಹಾಳೆ ತಾನಾಗಿಯೇ ಎಳೆದುಕೊಂಡು ಕನ್ನಡಿಯಾಗುತ್ತದೆ. ಮನೆಯಲ್ಲಿ ಹಾಸಿಗೆಯ ಮೇಲುಹೊದಿಕೆಗೂ ಅದೇ ಕಾನೂನು.

ಈಗ ಯಂತ್ರವನ್ನು ಮೇಲ್ದರ್ಜೆಗೆ ಏರಿಸುತ್ತಿದ್ದಾರೆ. ಒಂದೊಂದು ಸುತ್ತಿಗೂ ಮೊದಲಿನ ಹಲವು ಪಟ್ಟು ಪ್ರೋಟಾನುಗಳನ್ನು ತುಂಬಿ ಕಳಿಸಿದರೆ, ಜೀವಮಾನವಿಡೀ ಕಾಯಬೇಕಾದ ಕಣಗಳು ಕೆಲವೇ ವರ್ಷಗಳಲ್ಲಿ ಸಿಗಬಹುದು. ಆಯಸ್ಕಾಂತಗಳು ಬದಲಾದವು, ವಿದ್ಯುತ್ತಿನ ವ್ಯವಸ್ಥೆ ಬದಲಾಯಿತು. ಹಾಳೆ ಮಾತ್ರ ಹಳೆಯದೇ. ಪ್ರೋಟಾನುಗಳ ದಟ್ಟವಾದ ಕಿರಣ ಬಿದ್ದದ್ದೇ ಅದು ಕಾದು, ಕುಗ್ಗಿ, ಹರಿಯಿತು. ಎರಡನೆಯದೂ ಹರಿಯಿತು.

ತಂಡದ ಮುಖ್ಯಸ್ಥೆ ಹಾಳೆಯಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು. ಕೋಣೆಗೆ ಬಂದು ಹೇಳಿದರು: "ಅಕ್ಕಾ, ಬಿಗಿ ಬೇಡ. ಸಡಿಲ ಮಾಡಿ. ಸುಕ್ಕಿದ್ರೆ ಕುಗ್ಗೋಕೆ ಜಾಗ ಇರತ್ತೆ." ಚೌಕಟ್ಟಿನ ಎರಡು ತೋಳುಗಳನ್ನು ತುಸು ಅಗಲಿಸಿ ಹಿಡಿದು ಹಾಳೆ ಎತ್ತಬೇಕು, ಆಮೇಲೆ ಕೈ ಬಿಟ್ಟರೆ ತೋಳುಗಳು ಒಳಸರಿದು ಹಾಳೆ ಜೋಲುತ್ತದೆ. ಹಾಳೆಯಕ್ಕ ಹಾಗೇ ಮಾಡಿದರು. ಮಾಡಿ, ನೋಡಿದರು. ಮುದುರಿದ ಕರವಸ್ತ್ರದಂಥದ್ದನ್ನು ತನ್ನ ಹೆಸರಲ್ಲಿ ಕಳಿಸುವುದೇ?

"ಕೈ ತಾನೇ ಕುಂಚ ತಗೊಳ್ತು," ಎನ್ನುವಾಗ ಅವರ ದನಿ ಇಳಿಯುತ್ತದೆ. "ಒಂದೇ ಹನಿ. ನೀಟಾಗಿ ಕೂತ್ಕೊಳ್ತು. ನನಗೆ ಎಷ್ಟು ಸಮಾಧಾನ ಆಯ್ತು ಅಂತೀರಿ! ಮಾಡಬಾರದ್ದು ಮಾಡಿದೆ ಅಂತ ಹೊಳೀಲೇ ಇಲ್ಲ."

ಮೂರನೆಯ ಹಾಳೆಯೂ ಹರಿಯಿತು. ಸಡಿಲ ಮಾಡಿದರೂ ಪ್ರಯೋಜನವಿಲ್ಲ ಎಂದು ಸಭೆ ತೀರ್ಮಾನಿಸಿತು. ಹೊರಗಿನಿಂದ ಬೇರೆ ಬಗೆಯ ಹಾಳೆ ತರಿಸೋಣ, ನೆಲಮಾಳಿಗೆಯ ಕೋಣೆಯನ್ನು ಸಾಮಾನು ಇಡಲು ಬಳಸೋಣ ಎಂಬ ಮಾತು ಬಂತು. ಮುಖ್ಯಸ್ಥೆ ತಲೆ ತಗ್ಗಿಸಿ ಕೂತಿದ್ದರು. ಸೋತದ್ದು ಅವರ ಲೆಕ್ಕಾಚಾರ ಎಂದೇ ಎಲ್ಲರೂ ತಿಳಿದಿದ್ದರು. ಸಡಿಲ ಹಾಳೆ ಸುರಂಗಕ್ಕೆ ಹೋಗಿಯೇ ಇಲ್ಲ ಎನ್ನುವುದು ಒಬ್ಬರಿಗೆ ಮಾತ್ರ ಗೊತ್ತಿತ್ತು.

ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಹಾಳೆಯಕ್ಕ ಮುಖ್ಯಸ್ಥೆಯನ್ನು ತಡೆದರು. "ಮೇಡಂ, ಆ ಹಾಳೆ ಸಡಿಲ ಇರ್ಲಿಲ್ಲ. ನಾನೇ ನೇರ ಮಾಡ್ಬಿಟ್ಟೆ."

ಮೇಡಂ ತಲೆ ಎತ್ತಿ ನೋಡಿದರು. "ಅಕ್ಕಾ, ಬೈಯ್ಲಾ, ನಗಲಾ? ನೀವೇ ಹೇಳಿ."

"ಮೊದ್ಲು ಬೈದ್ಬಿಡಿ. ನಗೋಕೆ ಟೈಮಿದೆ."

ಬೈದರು. ಚೆನ್ನಾಗಿಯೇ ಬೈದರು. ಆಮೇಲೆ ಮೇಲಿನವರ ಹತ್ತಿರ ಕಾಡಿ ಬೇಡಿ ಇನ್ನೊಂದೇ ಒಂದು ಹಾಳೆಗೆ ಅವಕಾಶ ತಂದರು. ಅದೂ ಹರಿದರೆ ಕೋಣೆಗೆ ಬೀಗ.

ಇದನ್ನು ಮನೆಯಲ್ಲಿ ಹೇಳುವುದು ಕಾರಿಡಾರಿಗಿಂತ ಕಷ್ಟವಾಯಿತು. ಅತ್ತೆಯ ಕೈ ಈಗ ನಡುಗುತ್ತದೆ. ಲೋಟಕ್ಕೆ ಅರ್ಧ ಮಾತ್ರ ಚಹಾ ಹಾಕಿ ಕೊಡಬೇಕು. ಆ ಕೈ ಕಲಿಸಿದ ಒಂದೇ ಒಂದು ಪಾಠ ಇನ್ನು ನಡೆಯುವುದಿಲ್ಲ ಎಂದು ಹೇಗೆ ಹೇಳುವುದು? ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ, ಬೆನ್ನು ಹಾಕಿ ನಿಂತೇ ಹೇಳಿಬಿಟ್ಟರು.

"ಅಂದ್ರೆ ನಾನು ಕಲಿಸಿದ್ದು ತಪ್ಪಂತಾ?"

"ತಪ್ಪಲ್ಲ ಅತ್ತೆ. ನಿಮ್ಮ ಕಾಲದ ಪ್ರೋಟಾನು ಸಾಧು. ಈಗಿನವು ದಂಡೆತ್ತಿ ಬರ್ತವೆ."

"ಬಣ್ಣ ಹಚ್ಚಬೇಡ," ಎಂದರು ಅತ್ತೆ. ಚಹಾ ಆರಿತು. ಆಮೇಲೆ ಕೇಳಿದರು: "ಕುಂಚ ಎಲ್ಲಿಡ್ತೀಯ?"

"ಮೇಜಿನ ಮೇಲೆ, ಲೋಟದಲ್ಲಿ. ಯಾಕೆ?"

"ತಂದು ನನ್ನ ಹತ್ರ ಕೊಡು. ಎದುರಿಗಿದ್ರೆ ನಿನ್ನ ಕೈ ಸುಮ್ನಿರಲ್ಲ. ಆ ಕೈನ ಹಾಗೆ ಮಾಡಿದವಳು ನಾನು, ನಂಗೊತ್ತಿಲ್ವಾ?"

ಆದ್ದರಿಂದಲೇ ಈ ನಸುಕಿನಲ್ಲಿ ಲೋಟ ಖಾಲಿ. ಕುಂಚ ಮನೆಯಲ್ಲಿ ಅತ್ತೆಯ ದಿಂಬಿನಡಿ ಇದೆ. ಚೌಕಟ್ಟಿನ ತೋಳುಗಳು ಒಳಸರಿಯುತ್ತವೆ, ಕಪ್ಪು ಹಾಳೆ ಜೋಲಿ ಸುಕ್ಕುಗಟ್ಟುತ್ತದೆ. ಹಾಳೆಯಕ್ಕ ಎರಡೂ ಕೈಗಳನ್ನು ಮೇಲಂಗಿಯ ಜೇಬಿಗೆ ಇಳಿಸಿ, ಅದು ಒಣಗುವವರೆಗೂ ಹಾಗೇ ನಿಂತಿರುತ್ತಾರೆ.

ಹಾಳೆ ಸುರಂಗ ಸೇರಿ ಯಂತ್ರ ಸಜ್ಜಾಗಲು ಕೆಲವು ದಿನ ಬೇಕು. ಪರೀಕ್ಷೆಯ ಬೆಳಿಗ್ಗೆ ನಿಯಂತ್ರಣ ಕೋಣೆಯ ಹಿಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ. ಈ ಸಲ ಉಂಗುರದ ಬಾಗಿಲ ಬಳಿ ಹೊಸದಾಗಿ ಕ್ಯಾಮೆರಾ ಕೂರಿಸಿದ್ದಾರೆ. ಪರದೆಯ ಮೇಲೆ ಕತ್ತಲು. ಕತ್ತಲಲ್ಲಿ ಹಾಳೆ ಎಲ್ಲಿದೆಯೋ ಕಾಣುವುದಿಲ್ಲ. ಕಿರಣದ ತೀವ್ರತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಂಡದ ಚುಕ್ಕಿಯೊಂದು ಮೂಡುತ್ತದೆ. ಅದು ಕಿತ್ತಳೆಯಾಗಿ, ಹಳದಿಯಾಗಿ, ಬೆಳ್ಳಗಾಗುತ್ತದೆ. ಮೊದಲಿನ ಮೂರೂ ಹರಿದ ಮೆಟ್ಟಿಲು ಬರುತ್ತದೆ. ಹಾಳೆ ಒಮ್ಮೆ ಎಳೆದುಕೊಳ್ಳುತ್ತದೆ. ಸುಕ್ಕುಗಳೆಲ್ಲ ಕಿರಣದ ಕಡೆಗೆ ಸರಿದು ಮಾಯವಾಗುತ್ತವೆ. ಹಾಳೆಯಕ್ಕ ಉಸಿರು ಹಿಡಿದಿದ್ದಾರೆ, ಇಲ್ಲಿಂದ ಊದಿದರೂ ಹರಿದೀತು ಎಂಬಂತೆ. ಹರಿಯಲಿಲ್ಲ. ಮಧ್ಯಾಹ್ನದವರೆಗೂ ಹರಿಯಲಿಲ್ಲ. ಮೇಡಂ ಹಿಂದಕ್ಕೆ ತಿರುಗಿ, "ಅಕ್ಕಾ, ಈಗ ನಗಬಹುದು," ಎಂದಾಗಲೇ ಅವರು ಉಸಿರಾಡಿದ್ದು.

ಕೋಣೆಗೆ ಬೀಗ ಬೀಳುವುದಿಲ್ಲ. ನಾಳೆ ನಸುಕಿಗೆ ಮತ್ತೆ ತೊಟ್ಟಿ ತುಂಬಬೇಕು. ಆದರೆ ಹಾಳೆಯಕ್ಕ ಇನ್ನೂ ಪರದೆಯ ಮುಂದೆಯೇ ನಿಂತಿದ್ದಾರೆ. ಏನಾದರೂ ಬೇಕಿತ್ತೇ ಎಂದು ಕೇಳಿದರೆ ತಡವರಿಸುತ್ತಾರೆ.

"ಅತ್ತೇನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬರ್ಬೇಕು, ಒಳಗೆ ಬಿಟ್ರೆ," ಎನ್ನುತ್ತಾರೆ. "ಅವರ ಕಾಲದಲ್ಲಿ ಕ್ಯಾಮೆರಾ ಇರ್ಲಿಲ್ಲ. ಇಷ್ಟು ಅಲ್ದೇ ಇದ್ರೂ ಅವರ ಹಾಳೆಗಳೂ ಒಂಚೂರು ಹೊಳೆದಿರ್ತವೆ. ಕತ್ತಲಲ್ಲಿ, ಯಾರೂ ನೋಡ್ದೇ ಇದ್ದಾಗ. ಅದು ಅವರಿಗೆ ಗೊತ್ತಾಗ್ಬೇಕು."