ಅದೇ ಪಾತ್ರೆಯಲ್ಲಿ ಕುಡಿದ ನರ್ಸಮ್ಮ

ನರ್ಸಮ್ಮನ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು, ಈಗಷ್ಟೇ ಬಟ್ಟೆ ಒಗೆದು ಎದ್ದವರ ಹಾಗೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕೈ ತೊಳೆದೂ ತೊಳೆದೂ ಹಾಗಾಗಿತ್ತಂತೆ. ಆ ಬೆರಳಿನಿಂದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ನೋಡಿದರೆಂದರೆ, ಎದುರಿಗಿದ್ದವರು ಏನೋ ತಪ್ಪು ಮಾಡಿದ್ದಾರೆಂದೇ ಅರ್ಥ.

ಬೆಂಗಳೂರಿನ ಲಿಂಗರಾಜಪುರದ ನಮ್ಮ ಮನೆಯ ಮಹಡಿಯಲ್ಲಿ ಅವರು ಬಾಡಿಗೆಗಿದ್ದರು. ನಾವು ಗದಗದ ಕಡೆಯಿಂದ ಬಂದವರು. ಅಪ್ಪ ನಮ್ಮ ಚರ್ಚಿನ ಕನ್ನಡ ಸಭೆಯ ಹಿರಿಯರಲ್ಲೊಬ್ಬರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಸತ್ಯವೇದ, ಮಾತು ಮಾತಿಗೂ ದೇವರಿಗೆ ಸ್ತೋತ್ರ. ನರ್ಸಮ್ಮನಿಗೆ ಅಂಥವರನ್ನು ಕಂಡರಾಗದು. “ಅಂಗಿ ಮುದುರಿದ್ರೆ ನಿಮ್ಮಪ್ಪನ ಭಕ್ತೀನೂ ಮುದುರುತ್ತೆ ಬಿಡು,” ಎಂದು ನನ್ನೆದುರೇ ಅನ್ನುತ್ತಿದ್ದರು. ನಾನಾಗ ಇಪ್ಪತ್ತೆರಡರ ಹುಡುಗಿ, ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಭಕ್ತಿಯ ಬಗ್ಗೆ ನನಗೆ ಬಲು ಹೆಮ್ಮೆ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸಭೆಯ ಒಬ್ಬ ಆಟೋ ಡ್ರೈವರಿಗೆ ಏಡ್ಸ್ ಎಂಬ ಸುದ್ದಿ ಹಬ್ಬಿತು. ಮುಟ್ಟಿದರೂ ಅಂಟುತ್ತದೆಂದು ಜನ ನಂಬಿದ್ದ ಕಾಲ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಅವನು ಹೆಂಡತಿಯ ಭುಜ ಹಿಡಿದು ಬಂದ. ನಮ್ಮಲ್ಲಿ ದ್ರಾಕ್ಷಾರಸ ಎಲ್ಲರಿಗೂ ಒಂದೇ ಬೆಳ್ಳಿ ಪಾತ್ರೆಯಲ್ಲಿ. ಅವರಿಬ್ಬರೂ ಸಾಲಿನಲ್ಲಿ ನಿಂತದ್ದೇ ತಡ, ಹಿಂದಿದ್ದವರೆಲ್ಲ ಕರಗಿಹೋದರು. ಒಬ್ಬರಿಗೆ ಕೆಮ್ಮು ಬಂತು, ಇನ್ನೊಬ್ಬರಿಗೆ ಹೊರಗೆ ಆಡುತ್ತಿದ್ದ ಮಗುವಿನ ನೆನಪು. ಅಪ್ಪ ಕಾಣಿಕೆ ಚೀಲ ಎತ್ತಿಡುವ ನೆಪದಲ್ಲಿ ಒಳಗೆ ನುಸುಳಿದರು. ನಾನು ಕರವಸ್ತ್ರ ಬಾಯಿಗೊತ್ತಿಕೊಂಡು ಬೆಂಚಿಗೆ ಮರಳಿದೆ. ಐದು ನಿಮಿಷದ ಹಿಂದಷ್ಟೇ ಎಲ್ಲರೂ ಒಂದೇ ಕುಟುಂಬವೆಂದು ಗಂಟಲು ಹರಿಯುವಂತೆ ಹಾಡಿದ್ದ ಹೇಡಿಗಳು ನಾವು.

ಕೊನೆಯಲ್ಲಿದ್ದ ನರ್ಸಮ್ಮ ಆ ಖಾಲಿ ಜಾಗ ದಾಟಿ ಬಂದು ಅವರ ಹಿಂದೆ ನಿಂತರು. ಗಂಡಹೆಂಡತಿ ಕುಡಿದ ಮೇಲೆ ಪಾದ್ರಿ ಅಯ್ಯನವರು ಪಾತ್ರೆಯ ಅಂಚನ್ನು ಒರೆಸಿದರು, ಮತ್ತೆ ಒರೆಸಿದರು, ಇನ್ನೂ ಒರೆಸುತ್ತಲೇ ಇದ್ದರು.

“ಸಾಕು ಕೊಡಿ ಅಯ್ಯನವ್ರೇ, ಬೆಳ್ಳಿ ಸವೆದೋಗುತ್ತೆ,” ಎಂದು ಇಡೀ ಸಭೆಗೆ ಕೇಳುವಂತೆ ಹೇಳಿ ನರ್ಸಮ್ಮ ಕುಡಿದರು.

ಸಂಜೆ ಮೆಟ್ಟಿಲ ಮೇಲೆ ನನ್ನನ್ನು ತಡೆದರು.

“ಬೆಳಿಗ್ಗೆ ಏನಾಗಿತ್ತು ನಿಂಗೆ?”

“ವಾಂತಿ ಬರೋ ಹಾಗಿತ್ತು ಆಂಟಿ.”

“ಸುಳ್ಳು ಹೇಳೋಕೂ ನೆಟ್ಟಗೆ ಬರಲ್ಲ. ನಾಳೆ ಆರಕ್ಕೆ ಬಾ. ಆ ಆಟೋದವನನ್ನ ಎತ್ತಿ ಕೂರ್ಸೋಕೆ ಇನ್ನೊಂದು ಜೊತೆ ಕೈ ಬೇಕು.”

ಹೋದೆ. ಭಕ್ತಿಯಿಂದಲ್ಲ, ಅವರಿಗೆ ಹೆದರಿ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಅವನದು ಒಂದೇ ಕೋಣೆಯ ಮನೆ. ಏನು ಮಾಡಬೇಕೆಂದು ತೋಚದೆ ಪ್ರಾರ್ಥನೆಗೆ ಕಣ್ಣು ಮುಚ್ಚಿದೆ. “ಕಣ್ ಬಿಡು, ಬೆಡ್‌ಶೀಟ್ ತುದಿ ಹಿಡ್ಕೊ,” ಎಂದರು. ಮೈ ಒರೆಸಿ, ಶೀಟು ಬದಲಿಸಿ, ಕೊನೆಗೆ ಅವನ ಗಡ್ಡ ಹೆರೆದರು.

“ಸಾಯೋನಿಗೆ ದಿನಾ ಶೇವಿಂಗ್ ಯಾಕಮ್ಮಾ?” ಎಂದ ಅವನು.

“ನಾಳೆ ಯಾರಾದ್ರೂ ನೋಡಕ್ಕೆ ಬಂದ್ರೆ? ಕರಡಿ ಥರ ಕೂತಿರ್ತೀಯಾ?”

ಸಭೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಆದರೂ ಪ್ರತಿ ಬೆಳಿಗ್ಗೆ ಅವನು ನುಣ್ಣನೆಯ ಕೆನ್ನೆ ಸವರಿಕೊಂಡು ಬಾಗಿಲ ಕಡೆ ನೋಡುತ್ತಿದ್ದ. ಐದು ತಿಂಗಳು ಹಾಗೆ ಕಾದ. ತೀರಿಕೊಂಡ ದಿನವೂ ನರ್ಸಮ್ಮ ಗಡ್ಡ ಹೆರೆದೇ ಕಳಿಸಿದರು.

ಕೆಲವು ವರ್ಷಗಳ ನಂತರ ಅವರೇ ಕ್ಯಾನ್ಸರಿನಿಂದ ಹಾಸಿಗೆ ಹಿಡಿದರು. ಅಪ್ಪ ಆಸ್ಪತ್ರೆಗೆ ಬಂದು, ಮಂಚದಿಂದ ಮಾರು ದೂರ ನಿಂತು, ಉದ್ದನೆಯ ಪ್ರಾರ್ಥನೆ ಮಾಡಿ ಹೋದರು. ನರ್ಸಮ್ಮ ಕಣ್ಣು ಮುಚ್ಚಲೇ ಇಲ್ಲ.

“ಭಯ ಆಗುತ್ತಾ ಆಂಟಿ?” ಎಂದೆ.

“ಭಯ ಯಾಕೆ? ಹೋಗೋ ಜಾಗ ಗೊತ್ತು. ಆದ್ರೆ ಅಲ್ಲಿಗೂ ನಿಮ್ಮಪ್ಪ, ಆ ಅಯ್ಯನವ್ರು, ನೀನು, ಎಲ್ಲಾ ಬಂದು ಸೇರ್ಕೋತೀರಲ್ಲ, ಅದೊಂದೇ ಬೇಜಾರು.”

ಎರಡು ದಿನಕ್ಕೆ ಹೋದರು. ಮಣ್ಣು ಹಾಕುವಾಗ ಅಪ್ಪ ‘ನಮ್ಮ ಸಭೆಯ ಹೆಮ್ಮೆ’ ಎಂದದ್ದು ಕೇಳಿ ನನಗೆ ಅಸಹ್ಯವಾಯಿತು. ಮನೆಗೆ ಬಂದ ಮೇಲೆ ಹೊಳೆಯಿತು: ಇಷ್ಟು ವರ್ಷ ನಮ್ಮನ್ನು ಹೀಯಾಳಿಸಿದ ಆ ಬಾಯಿ, ನಾವು ಪರಲೋಕಕ್ಕೆ ತಲುಪುವುದಿಲ್ಲವೆಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ನಮ್ಮ ಮೇಲೆ ಅಷ್ಟು ಭರವಸೆ ಇಡಲು ನನ್ನಿಂದ ಇಂದಿಗೂ ಆಗಿಲ್ಲ.