ಕೊರೋನಾ ಇಲ್ಲ, ಮನಿಗಿ ಹೋಗ್ರಿ

ಹೋದ ತಿಂಗಳು, ನಾನು ಕೆಲಸ ಮಾಡುವ ಮರಾಠಿ ಊರಿನ ಕ್ಯಾಂಪ್ ಬಡಾವಣೆಯ ಹೋಟೆಲೊಂದರಲ್ಲಿ ಮಕ್ಕಳ ಡಾಕ್ಟರುಗಳ ಸಭೆಯಿತ್ತು. ಹರೆಯದ ಡಾಕ್ಟರೊಬ್ಬ ಪರದೆಯ ಮೇಲೆ ಇಳಿಯುವ ಗೆರೆ ತೋರಿಸಿ, ಕೊರೋನಾ ಕಾಲದಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ಕಡಿಮೆಯಾಗಿತ್ತು ಎಂದ. ಶಾಲೆ ಮುಚ್ಚಿತ್ತು, ಮುಖಕ್ಕೆ ಮಾಸ್ಕಿತ್ತು, ಬೇರೆ ಸೋಂಕು ತಗಲಲಿಲ್ಲ, ಅದಕ್ಕೇ ಇರಬಹುದಂತೆ. ಎಲ್ಲರೂ ತಲೆದೂಗಿದರು. ಇದ್ದರೂ ಇರಬಹುದು, ನಾನು ಅಲ್ಲಗಳೆಯಲಾರೆ. ಆದರೂ ನನಗೆ ಮೈಯೆಲ್ಲ ಉರಿಯಿತು. ಆ ವರ್ಷ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಡಾಕ್ಟರಾಗಿದ್ದವಳು ನಾನು. ಹಾಸಿಗೆ ಖಾಲಿ ಬಿದ್ದದ್ದನ್ನು ಕಂಡು ಸಂತೋಷಪಡುವಷ್ಟು ದಡ್ಡರು ನಮ್ಮಲ್ಲಿ ಯಾರೂ ಇರಲಿಲ್ಲ.

ಆಗಲೇ ಒಂದು ಬೆಳಿಗ್ಗೆ ಊರಂಚಿನ ಕೊಂಢವಾದಲ್ಲಿ ಕಟ್ಟಡದ ಕೆಲಸಕ್ಕಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ತನ್ನ ಏಳು ವರ್ಷದ ಮಗಳನ್ನು ಹೊತ್ತು ತಂದಳು. ಮಗು ಸುಣ್ಣದಂತೆ ಬಿಳಿಚಿಕೊಂಡಿತ್ತು. ಕಾಲ ತುಂಬ ನೀಲಿ ಕಲೆ, ವಸಡಿನಲ್ಲಿ ರಕ್ತ. ವಾರ್ಡಿನಲ್ಲಿ ಕನ್ನಡ ಬಲ್ಲವಳು ಧಾರವಾಡದ ನಾನೊಬ್ಬಳೇ.

"ಇಷ್ಟ ದಿನಾ ಎಲ್ಲೂ ತೋರಿಸಲಿಲ್ಲೇನವಾ?" ಎಂದೆ.

"ತೋರಿಸೀವ್ರಿ ಅಕ್ಕಾರ. ಜ್ವರ ಬಂದಾಗೆಲ್ಲ ಒಯ್ದೀವ್ರಿ. ಮೂಗಿನ್ಯಾಗ ಕಡ್ಡಿ ಹಾಕಿ ನೋಡಿ, ಕೊರೋನಾ ಇಲ್ಲ, ಮನಿಗಿ ಹೋಗ್ರಿ ಅಂದ್ರು. ಭಾಳ ಖುಷಿಯಾತ್ರಿ. ಶೆಡ್ಡಿನ ಮಂದಿಗೆಲ್ಲ ಸಕ್ಕರಿ ಹಂಚೀನ್ರಿ."

ಅವಳನ್ನು ಏನೆಂದು ಬೈಯಲಿ? ಊರಿಗೆಲ್ಲ ಆಗ ಇದ್ದದ್ದು ಒಂದೇ ರೋಗ, ಅದಿಲ್ಲದವರೆಲ್ಲ ಗಟ್ಟಿಮುಟ್ಟು. ಓದಿದ ನಮ್ಮ ಮಂದಿಯೇ ಮೂಗಿಗೆ ಕಡ್ಡಿ ಹಾಕಿ ಕೈತೊಳೆದುಕೊಂಡಿದ್ದರು. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಬೇಕೆಂದು ಒಬ್ಬರಿಗೂ ತೋಚಲಿಲ್ಲ. ಬೇಗ ಹಿಡಿದರೆ ಮಕ್ಕಳಲ್ಲಿ ವಾಸಿಯಾಗುವ ರೋಗ ಈ ರಕ್ತದ ಕ್ಯಾನ್ಸರ್. ಈ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ರಕ್ತ ಏರಿಸಿದೆವು. ಮರುದಿನ ಮಧ್ಯಾಹ್ನ, ಮೂಳೆಮಜ್ಜೆ ತೆಗೆದು ಪರೀಕ್ಷಿಸುವ ಮೊದಲೇ, ಮಿದುಳಿನಲ್ಲಿ ರಕ್ತ ಸೋರಿ ಮಗು ತೀರಿಕೊಂಡಿತು. ಏನಾಗಿತ್ತೆಂದು ನಮಗೆಲ್ಲ ಗೊತ್ತಿತ್ತು. ಆದರೆ ಪರೀಕ್ಷೆಯಲ್ಲಿ ಖಚಿತವಾಗದ ರೋಗ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಆ ವರ್ಷ ಕ್ಯಾನ್ಸರ್ ಬಾರದೇ ಉಳಿದ ಮಕ್ಕಳ ಸಾಲಿಗೆ ಅವಳೂ ಸೇರಿದಳು.

ತಾಯಿಗೆ ಹೇಳಲು ಹೊರಗೆ ಬಂದೆ. ಕೂಸು ಹೋಯಿತೆಂದು ಹೇಳಿದೆ. ಕೊರೋನಾದಲ್ಲಿ ಸತ್ತವರನ್ನು ಆಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸರ್ಕಾರದವರೇ ಒಯ್ದು ಸುಡುತ್ತಿದ್ದರು. ಮನೆಯವರಿಗೆ ಮುಖವನ್ನೂ ತೋರಿಸುತ್ತಿರಲಿಲ್ಲ.

"ಆಕಿಗಿ ಕೊರೋನಾ ಇದ್ದಿಲ್ಲಲ್ರಿ ಅಕ್ಕಾರ. ಕೂಸಿನ್ನ ನಮ್ಮ ಕೈಯಾಗ ಕೊಡ್ತಾರಲ್ರಿ?"

"ಕೊಡ್ತಾರವಾ," ಎಂದೆ.

ಅಷ್ಟಕ್ಕೇ ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು.